ಸುಮ್ಮನಿರುವ ಕಾಲವೇ ಹೆಚ್ಚಾದ ಗರಗಸ

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯಲ್ಲೂ ಅದರ ಮಗ್ಗುಲಿನ ಗೋಕಾಕ, ಮೂಡಲಗಿ ತಾಲ್ಲೂಕುಗಳ ಕಬ್ಬಿನ ಸೀಮೆಯಲ್ಲೂ ಮನೆಯೆಂದರೆ ಬಹಳಷ್ಟು ಕುಟುಂಬಗಳಿಗೆ ಊರೊಳಗಿನ ಮನೆಯಲ್ಲ, ಹೊಲದ ನಡುವಿನ ತೋಟದ ಮನೆ. ಅಂಥ ಮನೆಯ ಸುತ್ತ ನಾಲ್ಕಾರು ತೆಂಗು, ಒಂದೆರಡು ಮಾವು, ದನದ ಕೊಟ್ಟಿಗೆಗೆ ನೆರಳಾಗಿ ಒಂದು ಬೇವು, ಬದುವಿನ ಉದ್ದಕ್ಕೆ ತೇಗ ಅಥವಾ ಸುಬಾಬುಲ್ ಸಾಲು, ಹಳ್ಳದ ದಂಡೆಯಲ್ಲಿ ಯಾರೂ ನೆಡದೆ ಬೆಳೆದ ಜಾಲಿ ಮತ್ತು ಬಳ್ಳಾರಿ ಜಾಲಿ ಇರುವುದು ವಾಡಿಕೆ. ಏಪ್ರಿಲ್, ಮೇ ತಿಂಗಳುಗಳ ಅಡ್ಡಮಳೆಯ ಗಾಳಿಗೆ ಕೊಂಬೆ ಮುರಿದು ದಾರಿಗೆ ಬೀಳುತ್ತದೆ. ಕಬ್ಬು ಕಟಾವಿನ ಹಂಗಾಮು ಬಂದಾಗ ಟ್ರಾಲಿ ಒಳಗೆ ಬರಲು ಬದುವಿನ ಮರಗಳ ತಗ್ಗಿನ ಕೊಂಬೆಗಳನ್ನು ಸವರಬೇಕಾಗುತ್ತದೆ. ಒಣಗಿ ನಿಂತ ಮರವನ್ನು ಒಲೆಗಾಗುವಂತೆ ತುಂಡು ಮಾಡಬೇಕಾಗುತ್ತದೆ. ಕೊಡಲಿಯಿಂದಲೂ ಇಬ್ಬರು ಎಳೆಯುವ ಗರಗಸದಿಂದಲೂ ನಡೆಯುತ್ತಿದ್ದ ಈ ಕೆಲಸಗಳಿಗೆ ಇಂದು ಆಳು ಸಿಗುವುದು ಕಷ್ಟವಾಗಿರುವುದರಿಂದ, ಪೆಟ್ರೋಲಿನಿಂದ ಓಡುವ ಸಣ್ಣ ಸರಪಳಿ ಗರಗಸ, ಅಂದರೆ ಎಲ್ಲರೂ ಚೈನ್ ಸಾ ಎಂದು ಕರೆಯುವ ಯಂತ್ರ, ಸ್ಪ್ರೇಯರ್ ಮತ್ತು ಕಳೆ ಕತ್ತರಿಸುವ ಯಂತ್ರಗಳ ಪಕ್ಕದಲ್ಲಿ ತಾನೂ ಜಾಗ ಕೇಳುತ್ತಿದೆ.

ಈ ಯಂತ್ರವನ್ನು ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ಅದರ ಶಕ್ತಿಯನ್ನು, ಎಷ್ಟು ದಪ್ಪದ ಮರ ಕೊಯ್ಯುತ್ತದೆ ಎಂಬುದನ್ನು. ಮರ ಕೊಯ್ಯುವುದೇ ಕಸುಬಾದವರಿಗೆ ಈ ಪ್ರಶ್ನೆ ಸರಿಯಾದದ್ದೇ. ಆದರೆ ತೋಟದ ಮನೆಯ ಗರಗಸ ವರ್ಷದಲ್ಲಿ ಓಡುವುದು ಒಟ್ಟಾರೆ ಕೆಲವೇ ಗಂಟೆ. ಉಳಿದ ಕಾಲವೆಲ್ಲ ಅದು ಗೊಬ್ಬರದ ಚೀಲ, ಪೈಪು, ಔಷಧಿ ಡಬ್ಬಿಗಳ ನಡುವೆ ಸುಮ್ಮನೆ ಬಿದ್ದಿರುತ್ತದೆ. ಆದ್ದರಿಂದ ಅಪರೂಪಕ್ಕೆ ಬಳಸುವವರು ಯಂತ್ರವನ್ನು ಅಳೆಯಬೇಕಾದುದು ಅದು ಓಡುವಾಗ ಎಷ್ಟು ವೇಗವಾಗಿ ಕೊಯ್ಯುತ್ತದೆ ಎಂಬುದರಿಂದಲ್ಲ, ಎಂಟು ತಿಂಗಳು ಬಿದ್ದಿದ್ದ ಮೇಲೆ ಹಗ್ಗ ಎಳೆದರೆ ಚಾಲೂ ಆಗುತ್ತದೆಯೇ, ಅದರ ಹಲ್ಲನ್ನು ಮನೆಯವರೇ ಹರಿತ ಮಾಡಿಕೊಳ್ಳಬಹುದೇ, ಕೈ ಪಳಗದವರ ಕೈಯಲ್ಲಿ ಅದು ಎಷ್ಟರ ಮಟ್ಟಿಗೆ ಹದ್ದುಬಸ್ತಿನಲ್ಲಿರುತ್ತದೆ ಎಂಬ ಮೂರು ಸಂಗತಿಗಳಿಂದ. ಅಂಗಡಿಯ ಮಾತುಕತೆಯಲ್ಲಿ ಈ ಮೂರೂ ಕೊನೆಗೆ ಬರುತ್ತವೆ, ಹಲವು ಸಲ ಬರುವುದೇ ಇಲ್ಲ.

ಯಂತ್ರದ ರಚನೆ ಸರಳವಾದದ್ದು. ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್ ಬಗೆಯ ಒಂದು ಸಣ್ಣ ಎಂಜಿನ್ ಇರುತ್ತದೆ. ವೇಗ ಏರಿದಾಗ ತಾನಾಗಿ ಹಿಡಿದುಕೊಂಡು ಇಳಿದಾಗ ಬಿಟ್ಟುಬಿಡುವ ಕ್ಲಚ್ಚೊಂದು ಅದರ ತಿರುಗಾಟವನ್ನು ಹಲ್ಲುಚಕ್ರಕ್ಕೆ ದಾಟಿಸುತ್ತದೆ. ಆ ಚಕ್ರವು ಬಾರ್ ಎಂಬ ಚಪ್ಪಟೆ ಉಕ್ಕಿನ ಪಟ್ಟಿಯ ಅಂಚಿನ ತೋಡಿನಲ್ಲಿ ಸರಪಳಿಯನ್ನು ಓಡಿಸುತ್ತದೆ. ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಆರು ಹಲ್ಲಿನ ಚಕ್ರ ಮತ್ತು ಎಂಟನೇ ಮೂರು (3/8) ಇಂಚಿನ ಸರಪಳಿಯನ್ನು ಲೆಕ್ಕಕ್ಕೆ ಹಿಡಿದರೆ, ಚಕ್ರ ಒಂದು ಸುತ್ತು ಬಂದಾಗ ಸರಪಳಿ ಸುಮಾರು 11 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತಿರುವಾಗ ಸರಪಳಿಯ ವೇಗ ಗಂಟೆಗೆ 60 ಕಿಲೋಮೀಟರ್ ಮುಟ್ಟುತ್ತದೆ. ಮೈಗೆ ಒಂದು ಮೊಳದ ದೂರದಲ್ಲಿ ಇಷ್ಟು ವೇಗದಲ್ಲಿ ಓಡುವ ಹಲ್ಲುಗಳಿರುವ ಸಲಕರಣೆ ಕೃಷಿಕರ ಮನೆಯಲ್ಲಿ ಬೇರೊಂದಿಲ್ಲ.

ಎಂಜಿನ್ನಿನ ಗಾತ್ರವನ್ನು ಸಿಸಿ, ಅಂದರೆ ಘನ ಸೆಂಟಿಮೀಟರಿನ ಲೆಕ್ಕದಲ್ಲಿ ಹೇಳಲಾಗುತ್ತದೆ. ಹೆಸರಾಂತ ತಯಾರಕರು ಮನೆಬಳಕೆಗೆಂದೇ ರೂಪಿಸಿದ ಯಂತ್ರಗಳು ಸಾಧಾರಣವಾಗಿ 30ರಿಂದ 40 ಸಿಸಿಯವು. ಉದಾಹರಣೆಗೆ, ಜರ್ಮನಿಯ ಸ್ಟಿಲ್ ಕಂಪನಿಯ ಎಂಎಸ್ 170 ಮಾದರಿಯ ಎಂಜಿನ್ 30.1 ಸಿಸಿ, ಬಾರ್ ಮತ್ತು ಸರಪಳಿಯನ್ನು ಬಿಟ್ಟು ಅದರ ತೂಕ ನಾಲ್ಕು ಕಿಲೋದ ಆಸುಪಾಸು. ಸ್ವೀಡನ್ನಿನ ಹಸ್ಕ್ವಾರ್ನಾ ಕಂಪನಿಯ 120 ಮಾದರಿ 38 ಸಿಸಿಯದಾಗಿದ್ದು ಅದಕ್ಕಿಂತ ಹೆಚ್ಚೂಕಡಿಮೆ ಒಂದು ಕಿಲೋ ಹೆಚ್ಚು ತೂಗುತ್ತದೆ. ಇವುಗಳಿಗೆ 12ರಿಂದ 16 ಇಂಚಿನ ಬಾರ್ ಹಾಕುತ್ತಾರೆ. ಇನ್ನೊಂದೆಡೆ, ನಮ್ಮ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ, ಬಹುತೇಕ ಚೀನಾ ಮೂಲದ ಯಂತ್ರಗಳು 52 ಅಥವಾ 58 ಸಿಸಿ ಎಂಬ ಚೀಟಿ ಅಂಟಿಸಿಕೊಂಡು, 18ರಿಂದ 22 ಇಂಚಿನ ಬಾರ್ ಹೊತ್ತು ಬರುತ್ತವೆ. ದೊಡ್ಡ ಬ್ರ್ಯಾಂಡಿನ 30 ಸಿಸಿ ಯಂತ್ರಕ್ಕೆ ಕೊಡುವ ಹಣದ ಅರ್ಧಕ್ಕಿಂತ ಕಡಿಮೆಗೆ ದುಪ್ಪಟ್ಟು ಗಾತ್ರದ ಎಂಜಿನ್ ಸಿಗುವಾಗ ಕೊಳ್ಳುವವರ ಕೈ ಆ ಕಡೆ ಹೋಗುವುದು ಸಹಜವೇ. ಆದರೆ ಚೀಟಿಯ ಮೇಲಿನ ಸಿಸಿಗೂ ಹಲ್ಲಿಗೆ ತಲುಪುವ ಶಕ್ತಿಗೂ ನೇರ ಸಂಬಂಧವಿಲ್ಲ. ಸಂಬಂಧವಿರುವುದು ಎಂಜಿನ್ನಿನ ಕಿಲೋವ್ಯಾಟ್ ಅಂಕಿಗೆ, ಅದನ್ನು ಹೊರುವ ತೋಳಿಗೆ ಮತ್ತು ಸರಪಳಿಯ ಹರಿತಕ್ಕೆ.

ಬಾರಿನ ಉದ್ದದ ವಿಷಯದಲ್ಲೂ ಇದೇ ಮಾತು. 14 ಇಂಚಿನ ಬಾರ್ ಎಂದರೆ 35 ಸೆಂಟಿಮೀಟರ್. ಒಂದೇ ಕಡೆಯಿಂದ ಕೊಯ್ದರೂ 30 ಸೆಂಟಿಮೀಟರ್ ದಪ್ಪದ ದಿಮ್ಮಿಗೆ ಅದು ಸಾಕು. ಬದುವಿನ ಸುಬಾಬುಲ್ಲಿಗೆ, ಬೇಲಿಯ ಗ್ಲಿರಿಸಿಡಿಯಾಕ್ಕೆ, ಮುರಿದುಬಿದ್ದ ಮಾವಿನ ಕೊಂಬೆಗೆ ಅದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. ಮೂವತ್ತು ಸೆಂಟಿಮೀಟರಿಗಿಂತ ದಪ್ಪವಾದ ನಿಂತ ಮರವನ್ನು ಉರುಳಿಸುವುದು ಅಪರೂಪಕ್ಕೆ ಯಂತ್ರ ಹಿಡಿಯುವವರ ಕೆಲಸವೇ ಅಲ್ಲ. ಹಾಗಿರುವಾಗ ಅದಕ್ಕಾಗಿ ಉದ್ದನೆಯ ಬಾರನ್ನು ವರ್ಷವಿಡೀ ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ. ಉದ್ದ ಹೆಚ್ಚಿದಷ್ಟೂ ಸರಪಳಿಯನ್ನು ಎಳೆಯಲು ಎಂಜಿನ್ ಹೆಚ್ಚು ದಣಿಯುತ್ತದೆ, ಹರಿತ ಮಾಡಬೇಕಾದ ಹಲ್ಲುಗಳ ಸಂಖ್ಯೆ ಏರುತ್ತದೆ, ಬಾರಿನ ತುದಿ ಕಣ್ಣಿಗೆ ಕಾಣದ ಕಡೆ ಯಾವುದಕ್ಕಾದರೂ ತಗಲುವ ಸಂಭವವೂ ಬೆಳೆಯುತ್ತದೆ.

ಎಲ್ಲಕ್ಕಿಂತ ವಿವರವಾಗಿ ನೋಡಬೇಕಾದುದು ಇಂಧನದ ವಿಚಾರ, ಏಕೆಂದರೆ ಸುಮ್ಮನಿರುವ ಯಂತ್ರ ಕೆಡುವುದು ಅಲ್ಲಿಂದಲೇ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಎಣ್ಣೆ ಹಾಯಿಸಲು ಬೇರೆ ಏರ್ಪಾಡು ಇರುವುದಿಲ್ಲ. ಪೆಟ್ರೋಲಿಗೇ ಟೂ ಸ್ಟ್ರೋಕ್ ಆಯಿಲ್ ಬೆರೆಸಿ, ಆ ಮಿಶ್ರಣ ಎಂಜಿನ್ನಿನೊಳಗೆ ಹಾದುಹೋಗುವಾಗಲೇ ಒಳಭಾಗಗಳಿಗೆ ಜಿಡ್ಡು ತಗಲುವಂತೆ ಮಾಡಲಾಗುತ್ತದೆ. ಲೂನಾ ಗಾಡಿಗಳ ಕಾಲವನ್ನು ಕಂಡವರಿಗೆ ಇದು ಹೊಸದಲ್ಲ. ಬೆರಕೆಯ ಪ್ರಮಾಣ ತಯಾರಕರು ಹೇಳಿದಂತೆಯೇ ಇರಬೇಕು: 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಯಂತ್ರದ ಆಯುಸ್ಸು ನಿಮಿಷಗಳಲ್ಲಿ ಮುಗಿಯಬಹುದು. ಹೆಚ್ಚಾದರೆ ಹೊಗೆ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್, ಚಾಲೂ ಆಗಲು ಹಟ. ಸಣ್ಣ ಯಂತ್ರದ ಟ್ಯಾಂಕಿಗೆ ಹಿಡಿಯುವುದೇ ಸುಮಾರು ಕಾಲು ಲೀಟರ್, ಪೂರ್ತಿ ವೇಗದಲ್ಲಿ ಓಡಿಸಿದರೆ ಅದು ಮುಗಿಯಲು 20 ನಿಮಿಷದಷ್ಟು ಹೊತ್ತು ಸಾಕು. ಹೀಗಾಗಿ ಮನೆಬಳಕೆಗೆ ಒಮ್ಮೆಗೆ ಅರ್ಧ ಲೀಟರಿಗಿಂತ ಹೆಚ್ಚು ಬೆರೆಸಿಡುವ ಅಗತ್ಯವಿಲ್ಲ. 50ಕ್ಕೆ 1ರ ಬೆರಕೆಯಲ್ಲಿ ಅರ್ಧ ಲೀಟರಿಗೆ ಬೇಕಾದ 10 ಮಿಲಿಲೀಟರ್ ಎಣ್ಣೆಯನ್ನು ಔಷಧಿ ಅಂಗಡಿಯ ಸಿರಿಂಜಿನಿಂದ ಅಳೆದರೆ, ಬಾಟಲಿಯ ಮುಚ್ಚಳದಿಂದ ಅಂದಾಜಿಗೆ ಸುರಿಯುವುದಕ್ಕಿಂತ ಲೆಕ್ಕ ಚೊಕ್ಕವಾಗುತ್ತದೆ.

ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ, ಅದರ ಬೇರು ಬೆಲ್ಲದ ಬಾಗೇವಾಡಿಯ ಸೀಮೆಯಲ್ಲೇ ಇದೆ ಎಂಬುದು ಗಮನಿಸತಕ್ಕ ಸಂಗತಿ. ಬೆಲ್ಲದಿಂದಲೇ ಹೆಸರು ಪಡೆದ ಈ ಊರಿನಲ್ಲಿ ಈಗ ವಿಶ್ವರಾಜ್ ಶುಗರ್ಸ್ ಕಾರ್ಖಾನೆಯಿದ್ದು, ಸಕ್ಕರೆಯ ಜೊತೆಗೆ ಅಲ್ಲಿ ಡಿಸ್ಟಿಲರಿಯೂ ನಡೆಯುತ್ತದೆ; ಬೆಳಗಾವಿ ಜಿಲ್ಲೆಯ ಇಂಥ ಹಲವು ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿನಿಂದಲೋ ಕಾಕಂಬಿಯಿಂದಲೋ ತಯಾರಾಗುವ ಎಥೆನಾಲ್ ತೈಲ ಕಂಪನಿಗಳಿಗೆ ಹೋಗಿ ಪೆಟ್ರೋಲಿನೊಳಗೆ ಬೆರೆಯುತ್ತದೆ. ಶೇಕಡಾ 20ರಷ್ಟು ಎಥೆನಾಲ್ ಇರುವ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎರಡೇ ವರ್ಷಗಳಲ್ಲಿ ಅದು ದೇಶದ ಬಂಕುಗಳ ಸಾಮಾನ್ಯ ಪೆಟ್ರೋಲಾಯಿತು. ಕಬ್ಬು ಬೆಳೆಗಾರರಿಗೆ ಇದರಿಂದ ಲಾಭವಿದೆ, ವಿದೇಶಿ ವಿನಿಮಯವೂ ಉಳಿಯುತ್ತದೆ ಎಂಬ ವಾದವನ್ನು ಇಲ್ಲಿ ಚರ್ಚಿಸಬೇಕಿಲ್ಲ. ಆದರೆ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಗಳ ತಯಾರಕರಲ್ಲಿ ಬಹಳ ಮಂದಿ ತಮ್ಮ ಕೈಪಿಡಿಗಳಲ್ಲಿ ಶೇಕಡಾ 10ರವರೆಗಿನ ಎಥೆನಾಲನ್ನು ಮಾತ್ರ ಒಪ್ಪಿಕೊಂಡಿದ್ದಾರೆ. ತನ್ನ ಹೊಲದ ಕಬ್ಬನ್ನು ಕಾರ್ಖಾನೆಗೆ ಕಳಿಸಿದ ರೈತ, ಅದೇ ಕಬ್ಬಿನ ಅಂಶವಿರುವ ಪೆಟ್ರೋಲನ್ನು ಬಂಕಿನಿಂದ ತಂದು ಗರಗಸಕ್ಕೆ ಹಾಕಿ, ಮುಂದಿನ ಹಂಗಾಮಿನಲ್ಲಿ ಕಾರ್ಬುರೇಟರ್ ಬಿಚ್ಚಿಸಬೇಕಾಗಿ ಬರುವ ಪರಿಸ್ಥಿತಿ ಹೀಗೆ ಹುಟ್ಟಿದೆ.

ತೊಂದರೆಯ ಬಗೆ ಹೀಗಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಘಟಪ್ರಭೆಯ ಕಣಿವೆಯ ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಕೊರತೆಯಿಲ್ಲ. ಹೀರಿದ ನೀರು ಒಂದು ಮಿತಿಯನ್ನು ದಾಟಿತೆಂದರೆ ನೀರು ಮತ್ತು ಎಥೆನಾಲ್ ಜೊತೆಯಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಬೆರೆಸಿದ ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ನಿಗೆ ಇಂಧನ ಎಳೆಯುವ ಕೊಳವೆಯ ತುದಿ ಇರುವುದು ತಳದಲ್ಲಿ. ಆದ್ದರಿಂದ ಎಂಜಿನ್ ಚಾಲೂ ಆದರೂ ಅದಕ್ಕೆ ಹೋಗುವುದು ಎಣ್ಣೆಯಿಲ್ಲದ ದ್ರವ. ನಾಲ್ಕು ಹೊಡೆತದ ಬೈಕಿನಲ್ಲಿ ಇಂಥ ಪೆಟ್ರೋಲ್ ಹೋದರೆ ಎಂಜಿನ್ ಒದರಾಡಿ ನಿಲ್ಲಬಹುದು, ಆದರೆ ಅದರ ಎಣ್ಣೆ ಬೇರೆಯೇ ಇರುವುದರಿಂದ ಒಳಭಾಗ ಬದುಕಿಕೊಳ್ಳುತ್ತದೆ. ಗರಗಸದಲ್ಲಿ ಸಿಲಿಂಡರಿಗೇ ಗೀರು ಬೀಳುತ್ತದೆ. ಇದಲ್ಲದೆ ಕಾರ್ಬುರೇಟರಿನೊಳಗೆ ಇಂಧನವನ್ನು ಹದವಾಗಿ ಬಿಡುವ ತೆಳುವಾದ ರಬ್ಬರಿನ ಪೊರೆ, ಅಂದರೆ ಡಯಾಫ್ರಾಮ್, ಎಥೆನಾಲಿನಲ್ಲಿ ಬಹುಕಾಲ ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರುಸಾಗುತ್ತದೆ. ಸಪೂರ ಇಂಧನ ಕೊಳವೆಗಳಿಗೂ ಅದೇ ಗತಿ.

ಇದಕ್ಕೆ ಪರಿಹಾರ ದುಬಾರಿಯದಲ್ಲ, ಶಿಸ್ತು ಬೇಡುವಂಥದು. ಬೆರೆಸಿದ ಇಂಧನವನ್ನು ತಿಂಗಳೊಳಗೆ ಮುಗಿಸುವುದು, ಕೆಲಸ ಮುಗಿದ ದಿನವೇ ಟ್ಯಾಂಕನ್ನು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರಿನಲ್ಲಿ ಉಳಿದದ್ದನ್ನೂ ಮುಗಿಸುವುದು, ಉಳಿಕೆಯನ್ನು ಬೈಕಿನ ತುಂಬಿದ ಟ್ಯಾಂಕಿಗೆ ಸುರಿದುಬಿಡುವುದು. ಈ ಮೂರನ್ನು ಮಾಡಲು ಮನಸ್ಸಿಲ್ಲದವರಿಗೆ ಯಾವ ಬೆಲೆಯ ಪೆಟ್ರೋಲ್ ಗರಗಸವೂ ತಕ್ಕದ್ದಲ್ಲ ಎಂದೇ ಹೇಳಬೇಕಾಗುತ್ತದೆ. ಕಾರ್ಬುರೇಟರ್ ಮತ್ತು ಡಯಾಫ್ರಾಮ್ ಕಿಟ್ ಸುಲಭಕ್ಕೆ ಸಿಗುವ ಮಾದರಿಯನ್ನೇ ಆರಿಸಬೇಕೆಂಬ ಮಾತಿಗೂ ಕಾರಣ ಇಲ್ಲಿಯೇ ಇದೆ. ಅಗ್ಗದ ಯಂತ್ರಗಳ ಪರವಾಗಿ ಒಂದು ನ್ಯಾಯವಾದ ಮಾತನ್ನು ಹೇಳುವುದಾದರೆ, ಅವು ಹೆಚ್ಚು ಕಡಿಮೆ ಒಂದೇ ಅಚ್ಚಿನವಾದ್ದರಿಂದ ಅವುಗಳ ಬಿಡಿಭಾಗಗಳು ಯಾವ ಸಂತೆಪೇಟೆಯ ಅಂಗಡಿಯಲ್ಲೂ ಸಿಗುತ್ತವೆ.

ಎಣ್ಣೆಯ ಇನ್ನೊಂದು ಟ್ಯಾಂಕು ಸರಪಳಿಗಾಗಿ ಇರುತ್ತದೆ. ಬಾರಿನ ತೋಡಿನಲ್ಲಿ ಉಜ್ಜುತ್ತ ಓಡುವ ಸರಪಳಿಗೆ ಒಂದೇ ಸಮನೆ ಎಣ್ಣೆ ಜಿನುಗುತ್ತಿರಬೇಕು. ಇಂಧನ ಒಂದು ಟ್ಯಾಂಕು ಮುಗಿಯುವಷ್ಟರಲ್ಲಿ ಈ ಎಣ್ಣೆಯೂ ಬಹುಪಾಲು ಮುಗಿದಿದ್ದರೆ ಪಂಪು ಸರಿಯಾಗಿದೆ ಎಂದರ್ಥ. ಇಲ್ಲಿ ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಆಯಿಲ್ ಸುರಿಯುವ ರೂಢಿ ನಮ್ಮ ಕಡೆ ಬಲವಾಗಿದೆ. ಹಣ ಉಳಿಯುವುದು ನಿಜ, ಆದರೆ ಆ ಎಣ್ಣೆಯಲ್ಲಿರುವ ಲೋಹದ ಪುಡಿ ಸಣ್ಣ ಪಂಪನ್ನು ಕಟ್ಟಿಸುತ್ತದೆ, ಸಿಡಿದು ಬಂದು ಕೈಗೂ ಮೈಗೂ ಅಂಟುತ್ತದೆ, ಕೊಯ್ದ ಕಟ್ಟಿಗೆಯ ಮೂಲಕ ಒಲೆಗೂ ಹೋಗುತ್ತದೆ.

ಸರಪಳಿಯ ಹಲ್ಲಿನ ಕಥೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕಂಪನಿ ಆರಂಭಿಸಿ, 1929ರ ಹೊತ್ತಿಗೆ ಪೆಟ್ರೋಲಿನ ಮರ ಕಡಿಯುವ ಯಂತ್ರವನ್ನು ತಂದಿದ್ದರೂ, ಆ ಕಾಲದ ಸರಪಳಿಗಳು ಕೈಗರಗಸದ ಹಲ್ಲನ್ನೇ ಅನುಕರಿಸಿದ್ದವು. ಅವು ನಾರನ್ನು ಗೀರುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಮರದ ಮೋಟೊಂದರಲ್ಲಿ ಕೊರೆಹುಳುವನ್ನು ಕಂಡು, ಅದು ತನ್ನ ಬಾಗಿದ ದವಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸಿ, ನಾರಿನ ಗುಂಟವಾಗಲಿ ಅಡ್ಡಲಾಗಲಿ ಸಲೀಸಾಗಿ ಮರವನ್ನು ಕೆತ್ತುವುದನ್ನು ನೋಡಿ, ಅದೇ ಆಕಾರದ ಉಕ್ಕಿನ ಹಲ್ಲನ್ನು ರೂಪಿಸಿ ಮರುವರ್ಷ ಮಾರಾಟಕ್ಕೆ ತಂದ. ಇಂದಿನ ಎಲ್ಲ ಸರಪಳಿಗಳ ಹಲ್ಲೂ ಅದರ ಸಂತತಿಯೇ: ಒಂದು ಬಿಟ್ಟು ಒಂದು ಎಡ ಬಲಕ್ಕೆ ಮುಖ ಮಾಡಿದ, ಮೇಲ್ಭಾಗ ಬಾಗಿದ ಸಣ್ಣ ಉಳಿಗಳು, ಪ್ರತಿ ಉಳಿಯ ಮುಂದೆ ಅದು ಎಷ್ಟು ಆಳಕ್ಕೆ ಇಳಿಯಬೇಕೆಂದು ತಡೆಯುವ ಒಂದು ಗುಬುಟು.

ಈ ಉಳಿಯನ್ನು ಹರಿತ ಮಾಡಲು ಬೇಕಾದುದು ದುಂಡನೆಯ ಒಂದು ಅರ, ಹತ್ತಿಪ್ಪತ್ತು ನಿಮಿಷದ ತಾಳ್ಮೆ. ಮನೆಬಳಕೆಯ ಯಂತ್ರಗಳಲ್ಲಿರುವ ತಗ್ಗು ಹಲ್ಲಿನ ಎಂಟನೇ ಮೂರು ಇಂಚಿನ ಸರಪಳಿಗೆ 4 ಮಿಲಿಮೀಟರ್ ದಪ್ಪದ ಅರ, ಅಗ್ಗದ ದೊಡ್ಡ ಯಂತ್ರಗಳಲ್ಲಿ ಹೆಚ್ಚಾಗಿರುವ 0.325 ಇಂಚಿನ ಸರಪಳಿಗೆ 4.8 ಮಿಲಿಮೀಟರಿನದು. ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು. ಎಲ್ಲ ಹಲ್ಲಿಗೂ ಉಜ್ಜುವ ಎಣಿಕೆ ಒಂದೇ ಇರಬೇಕು, ಇಲ್ಲದಿದ್ದರೆ ಗರಗಸ ಒಂದು ಬದಿಗೆ ಎಳೆದು ಕೊಯ್ತ ಸೊಟ್ಟಗಾಗುತ್ತದೆ. ಹರಿತವಾದ ಸರಪಳಿ ಅಕ್ಕಿಯ ನುಚ್ಚಿನಷ್ಟು ದಪ್ಪದ ಚಕ್ಕೆಗಳನ್ನು ಉಗುಳುತ್ತದೆ. ಹಿಟ್ಟಿನಂಥ ಪುಡಿ ಉದುರತೊಡಗಿ, ಯಂತ್ರವನ್ನು ಕೆಳಕ್ಕೆ ಅದುಮಬೇಕಾಗಿ ಬಂದರೆ ಅದು ಮೊಂಡಾಗಿದೆ ಎಂದು ತಿಳಿಯಬೇಕು. ಯಂತ್ರಕ್ಕೆ ಶಕ್ತಿ ಸಾಲದು ಎಂಬ ದೂರು ಬಹಳ ಸಲ ನಿಜವಾಗಿ ಮೊಂಡು ಸರಪಳಿಯ ದೂರು. ಹರಿತವಾದ ಹಲ್ಲಿನ 30 ಸಿಸಿ ಯಂತ್ರ ಮೊಂಡು ಹಲ್ಲಿನ 58 ಸಿಸಿ ಯಂತ್ರವನ್ನು ಹಿಂದೆ ಹಾಕುತ್ತದೆ.

ಈ ಸೀಮೆಯ ಮರಗಳು ಹಲ್ಲಿಗೆ ಮೃದುವಲ್ಲ. ನೇಗಿಲಿಗೂ ಚಕ್ಕಡಿಯ ಗಾಲಿಗೂ ಬಡಿಗೇರರು ತಲೆಮಾರುಗಳಿಂದ ಆಯ್ದುಕೊಂಡ ಜಾಲಿ ಗಟ್ಟಿ ಮರಗಳಲ್ಲೊಂದು, ಅದರಲ್ಲೂ ಒಣಗಿದ ಮೇಲೆ ಅದು ಉಕ್ಕನ್ನು ಬೇಗ ತಿನ್ನುತ್ತದೆ. ಹಸಿಯಿರುವಾಗಲೇ ಕೊಯ್ದರೆ ಶ್ರಮ ಎಷ್ಟೋ ಕಡಿಮೆ. ತೆಂಗಿನ ಕಾಂಡ ಮೆತ್ತಗೆ ಕಂಡರೂ ಅದರ ಒರಟು ನಾರು ಹಲ್ಲನ್ನು ಸವೆಸುವುದಲ್ಲದೆ ಚಕ್ರದ ಸುತ್ತ ಕಟ್ಟಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟ ಶತ್ರು ಮಣ್ಣು. 2019ರ ಆಗಸ್ಟಿನ ಪ್ರವಾಹದಲ್ಲಿ ಘಟಪ್ರಭೆ, ಹಿರಣ್ಯಕೇಶಿ ನದಿಗಳು ದಂಡೆಯ ಹೊಲಗಳಿಗೆ ನುಗ್ಗಿದಂಥ ಸಂದರ್ಭಗಳಲ್ಲಿ ಕೊಚ್ಚಿಬರುವ ದಿಮ್ಮಿಗಳ ತೊಗಟೆಯ ಸಂದಿನಲ್ಲಿ ಮರಳು ತುಂಬಿರುತ್ತದೆ. ಅದನ್ನು ಕೊಡಲಿಯಿಂದ ಕೆತ್ತಿ ತೆಗೆಯದೆ ಗರಗಸ ಇಟ್ಟರೆ ಒಂದೇ ಕೊಯ್ತಕ್ಕೆ ಹರಿತ ಹೋಗುತ್ತದೆ. ನೆಲಕ್ಕೆ ತಾಗಿದ ದಿಮ್ಮಿಯನ್ನು ಪೂರ್ತಿ ಕೆಳಗಿನವರೆಗೆ ಕೊಯ್ಯದೆ, ಮುಕ್ಕಾಲು ಕೊಯ್ದು ಉರುಳಿಸಿ ಉಳಿದದ್ದನ್ನು ಮುಗಿಸುವುದೂ, ಹಳೆಯ ತಂತಿಬೇಲಿಯ ಮೊಳೆ ಮರದೊಳಗೆ ಹುದುಗಿದೆಯೇ ಎಂದು ನೋಡಿಕೊಳ್ಳುವುದೂ ಇದಕ್ಕಾಗಿಯೇ. ಕೊಳ್ಳುವಾಗಲೇ ಒಂದು ಹೆಚ್ಚುವರಿ ಸರಪಳಿ, ಎರಡು ಅರಗಳನ್ನು ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕುವುದು ಜಾಣತನ.

ಅಪಾಯದ ಮಾತಿಗೆ ಬಂದರೆ, ಮುಖ್ಯವಾದುದು ಹಿಂಬಡಿತ. ಓಡುತ್ತಿರುವ ಬಾರಿನ ಮೂಗಿನ ಮೇಲಿನ ಕಾಲುಭಾಗ ಮರಕ್ಕೋ ಇನ್ನೊಂದು ಕೊಂಬೆಗೋ ತಗಲಿದರೆ ಹಲ್ಲು ಅಲ್ಲಿ ಕಚ್ಚಿಕೊಂಡು, ಬಾರ್ ಇಡಿಯಾಗಿ ಮೇಲಕ್ಕೂ ಹಿಂದಕ್ಕೂ, ಅಂದರೆ ಹಿಡಿದವರ ಮುಖ ಮತ್ತು ಕುತ್ತಿಗೆಯ ಕಡೆಗೆ ಚಿಮ್ಮುತ್ತದೆ. ಇದು ಕಣ್ಣು ಮಿಟುಕಿಸುವುದರೊಳಗೆ ನಡೆಯುವುದರಿಂದ ಬಲದಿಂದ ತಡೆಯಲು ಆಗುವುದಿಲ್ಲ. ಮುಂದಿನ ಹಿಡಿಕೆಯ ಎದುರಿಗಿರುವ ಕೈಗಾವಲು ಇದಕ್ಕಾಗಿಯೇ ಇರುವ ಬ್ರೇಕು. ಯಂತ್ರ ಹಿಂದಕ್ಕೆ ಎಗರಿದಾಗ ಅದು ಮಣಿಕಟ್ಟಿಗೆ ತಾಗಿಯೋ ತನ್ನ ಭಾರದಿಂದಲೋ ಮುಂದಕ್ಕೆ ಬಿದ್ದು ಸರಪಳಿಯನ್ನು ನಿಲ್ಲಿಸುತ್ತದೆ. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಕೆಯನ್ನು ಸುತ್ತಿ ಹಿಡಿದಿದ್ದರೆ ಮಾತ್ರ ಇದು ಸರಿಯಾಗಿ ನಡೆಯುತ್ತದೆ. ಒಂದೇ ಕೈಯಲ್ಲಿ ಯಂತ್ರ ಹಿಡಿದು ಇನ್ನೊಂದರಲ್ಲಿ ಕೊಂಬೆ ಹಿಡಿಯುವ ಅಭ್ಯಾಸ ಆ ಏರ್ಪಾಡನ್ನೇ ವ್ಯರ್ಥ ಮಾಡುತ್ತದೆ. ಅಗ್ಗದ ಯಂತ್ರಗಳಲ್ಲಿ ಈ ಬ್ರೇಕು ಹೆಸರಿಗೆ ಮಾತ್ರ ಇರುವುದುಂಟು. ಆದುದರಿಂದ ಅಂಗಡಿಯಲ್ಲೇ ಎಂಜಿನ್ ಓಡಿಸಿ, ಗಾವಲನ್ನು ಮುಂದಕ್ಕೆ ತಳ್ಳಿ, ಸರಪಳಿ ತಟ್ಟನೆ ನಿಲ್ಲುವುದನ್ನು ಕಣ್ಣಾರೆ ಕಾಣದೆ ಹಣ ಕೊಡಬಾರದು. ಆಕ್ಸಿಲರೇಟರ್ ಬಿಟ್ಟಾಗ ಸರಪಳಿ ತೆವಳುತ್ತಲೇ ಇದ್ದರೂ ಕೊಳ್ಳಬಾರದು.

ಉಡುಪಿನ ವಿಚಾರದಲ್ಲಿ ನಮ್ಮ ಹಳ್ಳಿಗಳ ಉದಾಸೀನ ದೊಡ್ಡದು. ಧೋತರದ ಚುಂಗು, ಹೆಗಲ ಮೇಲಿನ ಟವೆಲ್ಲು, ಕಾಲಿನ ಚಪ್ಪಲಿ, ಈ ಮೂರೂ ಸರಪಳಿಯ ಬಳಿ ಇರತಕ್ಕವಲ್ಲ. ಪರದೇಶಗಳಲ್ಲಿ ಮರ ಕಡಿಯುವವರು ತೊಡುವ ಕಾಲುಗವಚದೊಳಗೆ ಉದ್ದನೆಯ ನಾರುಗಳ ಪದರಗಳಿರುತ್ತವೆ, ಹಲ್ಲು ತಾಗಿದೊಡನೆ ಅವು ಹೊರಬಂದು ಚಕ್ರಕ್ಕೆ ಸುತ್ತಿಕೊಂಡು ಸರಪಳಿಯನ್ನು ಕಟ್ಟಿಹಾಕುತ್ತವೆ. ಅದನ್ನು ತರಿಸಿಕೊಳ್ಳಲು ಆಗದವರು ಕನಿಷ್ಠ ದಪ್ಪ ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಹಾಕಿಕೊಳ್ಳಬೇಕು. ಈ ಯಂತ್ರಗಳ ಸದ್ದು 100 ಡೆಸಿಬೆಲ್ ದಾಟುತ್ತದೆ. ಕಾರ್ಖಾನೆಗಳಿಗೆ ನಮ್ಮಲ್ಲಿರುವ ನಿಯಮದಲ್ಲಿ 90 ಡೆಸಿಬೆಲ್ಲಿಗೆ ದಿನಕ್ಕೆ ಎಂಟು ಗಂಟೆ, ಅಲ್ಲಿಂದ ಪ್ರತಿ 5 ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕೆ ಇಳಿಯುತ್ತದೆ ಎಂಬ ಲೆಕ್ಕವಿದ್ದು, ಅದರ ಪ್ರಕಾರ 105 ಡೆಸಿಬೆಲ್ಲನ್ನು ಬರಿಗಿವಿಯಿಂದ ಕೇಳಬಹುದಾದದ್ದು ದಿನಕ್ಕೆ ಒಂದೇ ಗಂಟೆ. ಗಾಳಿಗೆ ಬಿದ್ದ ಮರದ ಕೊಂಬೆಗಳು ಬಿಲ್ಲಿನಂತೆ ಬಾಗಿ ಬಿಗಿದಿರುತ್ತವೆ. ಬಿಗಿತದ ಬದಿಯಿಂದ ಕೊಯ್ದರೆ ಸಿಡಿದು ಬಡಿಯುತ್ತವೆ, ಅದುಮಿದ ಬದಿಯಿಂದ ಕೊಯ್ದರೆ ಬಾರನ್ನೇ ಕಚ್ಚಿ ಹಿಡಿಯುತ್ತವೆ. ಹಾಗಾಗಿ ಮೊದಲು ಅದುಮಿದ ಬದಿಯಲ್ಲಿ ಸ್ವಲ್ಪ ಗೀರಿ, ಆಮೇಲೆ ಎದುರು ಬದಿಯಿಂದ ನಿಧಾನಕ್ಕೆ ಬಿಡಿಸುವುದು ಕ್ರಮ. ಏಣಿಯ ಮೇಲೆ ಅಥವಾ ಮರದ ಮೇಲೆ ನಿಂತು ಈ ಯಂತ್ರವನ್ನು ಓಡಿಸುವುದು ಅಪರೂಪದ ಬಳಕೆದಾರರಿಗೆ ಸರ್ವಥಾ ಸಲ್ಲದು.

ಪೆಟ್ರೋಲೇ ಏಕೆ, ವಿದ್ಯುತ್ತಿನದು ಆಗದೇ ಎಂದು ಕೇಳುವವರಿದ್ದಾರೆ. ಹುಕ್ಕೇರಿ ತಾಲ್ಲೂಕಿಗೆ ಈ ವಿಷಯದಲ್ಲಿ ಒಂದು ವಿಶೇಷವುಂಟು: ಇಲ್ಲಿ ವಿದ್ಯುತ್ ಹಂಚುವುದು ಸರ್ಕಾರಿ ವಿದ್ಯುತ್ ಕಂಪನಿಯಾದ ಹೆಸ್ಕಾಂ ಅಲ್ಲ, 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಮನೆಯ ಅಂಗಳದಲ್ಲಿ ಕಟ್ಟಿಗೆ ತುಂಡು ಮಾಡುವುದಷ್ಟೇ ಉದ್ದೇಶವಾಗಿದ್ದರೆ ಎರಡು ಕಿಲೋವ್ಯಾಟ್ ಒಳಗಿನ ವಿದ್ಯುತ್ ಗರಗಸ ಬೆಲೆಯಲ್ಲಿ ಅಗ್ಗ, ಅದರಲ್ಲಿ ಕೆಡುವ ಇಂಧನವಿಲ್ಲ, ವರ್ಷ ಬಿಟ್ಟು ಗುಂಡಿ ಒತ್ತಿದರೂ ಓಡುತ್ತದೆ. ಆದರೆ ಅದು ತಂತಿಯ ಉದ್ದದಾಚೆಗೆ ಹೋಗದು, ಗಾಳಿಗೆ ಮರ ಬಿದ್ದ ದಿನ ಕರೆಂಟೂ ಹೋಗಿರುತ್ತದೆ. ಬ್ಯಾಟರಿಯ ಗರಗಸಗಳು ಈ ಎರಡು ಕೊರತೆಗಳನ್ನೂ ನೀಗುತ್ತವೆಯಾದರೂ ಒಳ್ಳೆಯ ಬ್ಯಾಟರಿಯ ಬೆಲೆ ಯಂತ್ರದ ಬೆಲೆಯೊಡನೆ ಪೈಪೋಟಿ ಮಾಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು ಹೊಗೆಯ ಕಾರಣಕ್ಕಾಗಿ 2021ರಲ್ಲಿ ಕಾನೂನು ಮಾಡಿ, 2024ರಿಂದ ಈ ಬಗೆಯ ಸಣ್ಣ ಪೆಟ್ರೋಲ್ ಎಂಜಿನ್ನುಗಳ ಹೊಸ ಉತ್ಪಾದನೆಗೆ ಬಾಗಿಲು ಹಾಕತೊಡಗಿದ್ದು, ತಯಾರಕರ ಗಮನ ಬ್ಯಾಟರಿಯ ಕಡೆಗೆ ತಿರುಗಿರುವುದಕ್ಕೆ ಅದೂ ಒಂದು ಕಾರಣ. ಸದ್ಯಕ್ಕೆ ಹೊಲದ ಕೊನೆಯ ಬದುವಿನವರೆಗೆ ಹೋಗಬೇಕಾದವರಿಗೆ ಪೆಟ್ರೋಲಿನದೇ ಅನುಕೂಲ.

ಯಂತ್ರ ಮನೆಗೆ ಬಂದ ಮಾತ್ರಕ್ಕೆ ಯಾವ ಮರವನ್ನಾದರೂ ಕೊಯ್ಯಬಹುದು ಎಂಬ ಭಾವನೆ ಸರಿಯಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದು ಎಂಬುದರ ವ್ಯಾಖ್ಯೆ ಅಗಲವಾದದ್ದು. ಬುಡದಿಂದ ಕೆಡವುವುದಷ್ಟೇ ಅಲ್ಲದೆ ಕೊಂಬೆ ಸವರುವುದು, ಸುತ್ತ ತೊಗಟೆ ಸುಲಿಯುವುದು, ಸುಡುವುದು ಕೂಡ ಅದರೊಳಗೆ ಬರುತ್ತವೆ. ನೀಲಗಿರಿ, ಸುಬಾಬುಲ್, ಗ್ಲಿರಿಸಿಡಿಯಾ, ಸರ್ವೆ, ಸಿಲ್ವರ್ ಓಕ್, ತೆಂಗು, ಬಳ್ಳಾರಿ ಜಾಲಿ ಮೊದಲಾದವುಗಳಿಗೆ ಅನುಮತಿ ಬೇಕಿಲ್ಲ. ತೇಗ ಸ್ವಂತ ಬದುವಿನಲ್ಲಿ ಸ್ವಂತ ಕೈಯಿಂದ ನೆಟ್ಟದ್ದೇ ಆಗಿದ್ದರೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಅಪ್ಪಣೆ ಪಡೆಯಬೇಕು. ಶ್ರೀಗಂಧದ ಮಾತಂತೂ ಹೇಳಬೇಕಿಲ್ಲ. ರಾಜ್ಯದ ಅರಣ್ಯ ಸಚಿವರಾಗಿ 2021ರಿಂದ 2022ರಲ್ಲಿ ನಿಧನರಾಗುವವರೆಗೆ ಇದ್ದ ಉಮೇಶ ಕತ್ತಿ ಇದೇ ಬೆಲ್ಲದ ಬಾಗೇವಾಡಿಯವರಾದರೂ, ಊರಿನ ಬದುಗಳ ಮೇಲೆ ಈ ಕಾಯ್ದೆಯ ಅರಿವು ಹೆಚ್ಚಿದಂತೆ ಕಾಣುವುದಿಲ್ಲ. ಅಪರಾಧ ನಡೆದರೆ ಮರದ ಜೊತೆಗೆ ಗರಗಸವೂ ಜಪ್ತಿಯಾಗಬಹುದು ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ವಿದ್ಯುತ್ ತಂತಿಗೆ ತಾಗಿದ ಕೊಂಬೆಯಾದರೆ ಅದು ಎಷ್ಟು ಸಣ್ಣದಾದರೂ ಸಹಕಾರಿ ಸಂಘದ ಲೈನ್‌ಮನ್‌ಗೆ ತಿಳಿಸಿ, ಲೈನ್ ಆಫ್ ಮಾಡಿಸದೆ ಮುಟ್ಟಬಾರದು.

ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರೆ, ವರ್ಷಕ್ಕೆ ಒಂದೆರಡು ಕೊಂಬೆ ಮಾತ್ರ ಬೀಳುವ ಮನೆಗೆ ಒಳ್ಳೆಯ ಮಡಚುವ ಕೈಗರಗಸವೇ ಸಾಕು, ದೊಡ್ಡ ಮರ ಬಿದ್ದ ದಿನ ಯಂತ್ರವಿರುವ ಕಸುಬಿನವರನ್ನು ಕೂಲಿಗೆ ಕರೆಯುವುದೇ ಅಗ್ಗ. ಒಲೆಗೆ ಕಟ್ಟಿಗೆಯನ್ನು ಸ್ವಂತ ಬದುವಿನಿಂದಲೇ ಪಡೆಯುವ, ಮರಗಳ ಸಾಲುಗಳನ್ನು ವರ್ಷಾವರ್ಷ ಸವರುವ ಮನೆಗೆ 30ರಿಂದ 35 ಸಿಸಿಯ, 12 ಅಥವಾ 14 ಇಂಚು ಬಾರಿನ ಯಂತ್ರ ತಕ್ಕದ್ದು. ಇವೆರಡರ ನಡುವೆ ಇರುವವರೇ ಹೆಚ್ಚು ಮಂದಿ, ಅವರಿಗೆ ಇನ್ನೊಂದು ದಾರಿ ಉಂಟು: ಒಂದೇ ದಾರಿಯ ನಾಲ್ಕೈದು ತೋಟದ ಮನೆಗಳವರು, ಅಣ್ಣತಮ್ಮಂದಿರೋ ನೆರೆಹೊರೆಯವರೋ, ಸೇರಿ ಒಂದು ಒಳ್ಳೆಯ ಯಂತ್ರವನ್ನು ಕೊಳ್ಳುವುದು. ಹಂಚಿಕೊಂಡ ಯಂತ್ರ ಬಿದ್ದಿರುವ ಕಾಲ ಕಡಿಮೆಯಾಗುವುದರಿಂದ ಅದರ ಕಾರ್ಬುರೇಟರಿಗೇ ಅದು ಒಳ್ಳೆಯದು. ತೊಡಕಿರುವುದು ಕೈ ಬದಲಾಗುವಾಗ. ಒಬ್ಬರು ಎಣ್ಣೆ ಬೆರೆಸಿದ್ದೇನೆ ಎಂದುಕೊಂಡದ್ದನ್ನು ಇನ್ನೊಬ್ಬರು ಬರೀ ಪೆಟ್ರೋಲೆಂದು ತಿಳಿಯುವುದು ಅಥವಾ ಅದರ ತಿರುಗುಮುರುಗು. ಆದುದರಿಂದ ಯಂತ್ರ ಯಾರ ಹೊಲಕ್ಕೆ ಹೋದರೂ ಇಂಧನ ಬೆರೆಸುವವರು ಮತ್ತು ಅರ ಹಿಡಿಯುವವರು ಒಬ್ಬರೇ ಆಗಿರಬೇಕು, ಬೆರಕೆಯ ಡಬ್ಬಿ ಬೇರೆ ಬಣ್ಣದ್ದಾಗಿದ್ದು ಅದರ ಮೇಲೆ ಬೆರೆಸಿದ ತಾರೀಖು ಬರೆದಿರಬೇಕು, ವಾಪಸು ತರುವವರು ಟ್ಯಾಂಕನ್ನು ಬರಿದು ಮಾಡಿಯೇ ತರಬೇಕು.